ಸಾರ್ವಜನಿಕ ಕಲಾ ನಿಯೋಜನೆ ಮತ್ತು ಕಲಾವಿದರ ರೆಸಿಡೆನ್ಸಿ

ಸಾರ್ವಜನಿಕ ಕಲಾ ನಿಯೋಜನೆ ಎಂದರೆ ಸರ್ಕಾರ, ನಗರಾಡಳಿತ, ಸಂಸ್ಥೆ ಅಥವಾ ಸಮುದಾಯವೊಂದು ಜನರು ಮುಕ್ತವಾಗಿ ಓಡಾಡುವ ಸ್ಥಳಕ್ಕಾಗಿ ಶಿಲ್ಪ, ಭಿತ್ತಿಚಿತ್ರ, ಉಬ್ಬುಶಿಲ್ಪ ಮೊದಲಾದ ಕಲಾಕೃತಿಯನ್ನು ರಚಿಸಿಕೊಡುವಂತೆ ದೃಶ್ಯಕಲಾವಿದರಿಗೆ ಸಂಭಾವನೆ ಸಹಿತವಾಗಿ ಕೆಲಸ ಒಪ್ಪಿಸುವ ಕ್ರಮ. ಕಲಾವಿದರ ರೆಸಿಡೆನ್ಸಿ ಎಂದರೆ ಕಲಾವಿದರಿಗೆ ನಿರ್ದಿಷ್ಟ ಅವಧಿಯವರೆಗೆ ವಸತಿ, ಕೆಲಸದ ಜಾಗ ಮತ್ತು ಕೆಲವೊಮ್ಮೆ ಹಣಕಾಸಿನ ನೆರವನ್ನೂ ನೀಡಿ, ತಮ್ಮ ಕಲೆಯಲ್ಲಿ ತೊಡಗಿಕೊಳ್ಳಲು ಅನುವು ಮಾಡಿಕೊಡುವ ವ್ಯವಸ್ಥೆ. ನಿಯೋಜನೆಯಲ್ಲಿ ಮುಖ್ಯವಾದುದು ಸಿದ್ಧಗೊಂಡ ಕೃತಿ. ರೆಸಿಡೆನ್ಸಿಯಲ್ಲಿ ಮುಖ್ಯವಾದುದು ಕಲಾವಿದರಿಗೆ ದೊರೆಯುವ ಸಮಯ ಮತ್ತು ಪರಿಸರ.

ಗ್ಯಾಲರಿಗಳ ಮೂಲಕ ಚಿತ್ರ ಮಾರುವುದು, ಕಲಾಶಾಲೆಗಳಲ್ಲಿ ಬೋಧಿಸುವುದು ಇವುಗಳ ಜೊತೆಗೆ ದೃಶ್ಯಕಲಾವಿದರ ಜೀವನೋಪಾಯಕ್ಕೆ ಇವೆರಡೂ ಮುಖ್ಯ ಮಾರ್ಗಗಳಾಗಿವೆ. ಇಂತಹ ಅವಕಾಶಗಳು ಎಲ್ಲಿ ಪ್ರಕಟವಾಗುತ್ತವೆ, ಆಯ್ಕೆ ಹೇಗೆ ನಡೆಯುತ್ತದೆ ಎಂಬುದರಷ್ಟೇ ಮಹತ್ವದ ಇನ್ನೊಂದು ಪ್ರಶ್ನೆ, ಕೃತಿಯು ಸ್ಥಾಪನೆಗೊಂಡ ಮೇಲೆ ಅದರ ಮೇಲೆ ಕಲಾವಿದರಿಗೆ ಯಾವ ಹಕ್ಕು ಉಳಿಯುತ್ತದೆ ಎಂಬುದು. ಭಾರತದಲ್ಲಿ ಈ ಪ್ರಶ್ನೆಗೆ ನ್ಯಾಯಾಲಯದ ಸ್ಪಷ್ಟ ಉತ್ತರ ದೊರೆತದ್ದು 2005ರಲ್ಲಿ, ಶಿಲ್ಪಿ ಅಮರನಾಥ್ ಸೆಹಗಲ್ ಅವರ ಪ್ರಕರಣದಲ್ಲಿ.

ಪದಬಳಕೆ

ಕಲಾವಲಯದಲ್ಲಿ ನಿಯೋಜನೆಯನ್ನು ಸಾಮಾನ್ಯವಾಗಿ ‘ಕಮಿಷನ್’ ಎಂದೂ ಹಾಗೆ ಒಪ್ಪಿಕೊಂಡ ಕೆಲಸವನ್ನು ‘ಕಮಿಷನ್ ಕೆಲಸ’ ಎಂದೂ ಕರೆಯುತ್ತಾರೆ. ಆಡುಮಾತಿನಲ್ಲಿ ಕಮಿಷನ್ ಎಂಬ ಪದಕ್ಕೆ ದಲ್ಲಾಳಿಯ ಪಾಲು ಎಂಬ ಅರ್ಥ ರೂಢಿಯಲ್ಲಿರುವುದರಿಂದ ಈ ಲೇಖನದಲ್ಲಿ ‘ನಿಯೋಜನೆ’ ಎಂಬ ಪದವನ್ನು ಬಳಸಲಾಗಿದೆ. ‘ರೆಸಿಡೆನ್ಸಿ’ ಎಂಬ ಪದಕ್ಕೆ ಕನ್ನಡದಲ್ಲಿ ಒಮ್ಮತದ ಪರ್ಯಾಯ ರೂಢಿಗೆ ಬಂದಿಲ್ಲ. ಅಕಾಡೆಮಿಗಳು ನಡೆಸುವ ‘ಕಲಾ ಶಿಬಿರ’ವು ಇದಕ್ಕೆ ಹತ್ತಿರವಾದ ಕಲ್ಪನೆಯಾದರೂ ಎರಡರ ನಡುವೆ ವ್ಯತ್ಯಾಸವಿದೆ. ಶಿಬಿರದಲ್ಲಿ ಅನೇಕ ಕಲಾವಿದರು ಕೆಲವು ದಿನಗಳ ಕಾಲ ಒಂದೆಡೆ ಸೇರಿ ಕೃತಿ ರಚಿಸುತ್ತಾರೆ. ಆ ಕೃತಿಗಳು ಬಹುಮಟ್ಟಿಗೆ ಸಂಘಟಕರ ಸಂಗ್ರಹಕ್ಕೆ ಸೇರುತ್ತವೆ. ರೆಸಿಡೆನ್ಸಿಯು ವಾರಗಳಿಂದ ತಿಂಗಳುಗಳವರೆಗೆ ಇರುತ್ತದೆ. ಅಲ್ಲಿ ರಚಿಸಿದ ಕೃತಿ ಸಾಮಾನ್ಯವಾಗಿ ಕಲಾವಿದರದ್ದಾಗಿಯೇ ಉಳಿಯುತ್ತದೆ.

ಹಿನ್ನೆಲೆ

ರಾಜಾಶ್ರಯದ ಕಾಲ

ಜನರೆಲ್ಲರೂ ನೋಡುವ ಸ್ಥಳಕ್ಕಾಗಿ ಕಲಾವಿದರಿಗೆ ಕೆಲಸ ಒಪ್ಪಿಸುವ ಪದ್ಧತಿ ಪ್ರಾಚೀನವಾದುದು. 8ನೆಯ ಶತಮಾನದಲ್ಲಿ ಬಾದಾಮಿ ಚಾಲುಕ್ಯರ ಎರಡನೆಯ ವಿಕ್ರಮಾದಿತ್ಯನ ಕಂಚಿ ವಿಜಯದ ನೆನಪಿಗಾಗಿ ರಾಣಿ ಲೋಕಮಹಾದೇವಿಯು ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದ ಶಾಸನವು, ಅದನ್ನು ನಿರ್ಮಿಸಿದ ಸೂತ್ರಧಾರಿ ಗುಂಡನ ಹೆಸರನ್ನೂ ಅವನಿಗೆ ದೊರೆತ ‘ತ್ರಿಭುವನಾಚಾರಿ’ ಎಂಬ ಬಿರುದನ್ನೂ ದಾಖಲಿಸಿದೆ. ಹೊಯ್ಸಳರ ಕಾಲದಲ್ಲಿ ಶಿಲ್ಪಿಗಳು ತಮ್ಮ ಹೆಸರನ್ನು ಕೃತಿಯ ಪೀಠದಲ್ಲಿಯೇ ಕೆತ್ತುತ್ತಿದ್ದರು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ, ಸೋಮನಾಥಪುರದಲ್ಲಿ ಮಲ್ಲಿತಮ್ಮ ಇವರ ಅಂಕಿತಗಳು ಇಂದಿಗೂ ಕಾಣಸಿಗುತ್ತವೆ. ಕೃತಿಯು ತನ್ನದೆಂದು ಹೇಳಿಕೊಳ್ಳುವ ಕರ್ತೃವಿನ ಹಕ್ಕು ಆಧುನಿಕ ಕಾನೂನಿನಲ್ಲಿ ಸೇರುವುದಕ್ಕೆ ಬಹಳ ಮೊದಲೇ ಇಂತಹ ವಾಡಿಕೆ ಕನ್ನಡ ನಾಡಿನಲ್ಲಿ ಇದ್ದುದಕ್ಕೆ ಇವು ಸಾಕ್ಷಿಯಾಗಿವೆ.

20ನೆಯ ಶತಮಾನದ ಆರಂಭದಲ್ಲಿ ಮೈಸೂರು ಅರಮನೆಯು ಕಲಾವಿದರಿಗೆ ಪ್ರಮುಖ ಆಶ್ರಯವಾಗಿತ್ತು. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಬಳಿ ಕಲಿತ ಕೆ. ವೆಂಕಟಪ್ಪ (1886–1965) ಅವರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಅರಮನೆಗಾಗಿ ಉಬ್ಬುಶಿಲ್ಪಗಳನ್ನು ರಚಿಸಿದರು. ಮಹಾರಾಜರು 1940ರಲ್ಲಿ ನಿಧನರಾದ ಬಳಿಕ ವೆಂಕಟಪ್ಪನವರು ಮೈಸೂರನ್ನು ಬಿಟ್ಟು ಬೆಂಗಳೂರಿನಲ್ಲಿ ನೆಲೆಸಿದರು. ರಾಜಾಶ್ರಯವು ಒಬ್ಬ ವ್ಯಕ್ತಿಯ ಅಭಿರುಚಿ ಮತ್ತು ಆಯುಸ್ಸನ್ನು ಅವಲಂಬಿಸಿರುತ್ತದೆ. ಪ್ರಜಾಪ್ರಭುತ್ವದಲ್ಲಿ ಆ ಸ್ಥಾನಕ್ಕೆ ಸಮಿತಿ, ನಿಯಮಾವಳಿ ಮತ್ತು ಲಿಖಿತ ಒಪ್ಪಂದಗಳು ಬಂದವು.

ಸ್ವಾತಂತ್ರ್ಯದ ಆಸುಪಾಸಿನಲ್ಲಿ

1938ರ ಹರಿಪುರ ಕಾಂಗ್ರೆಸ್ ಅಧಿವೇಶನಕ್ಕಾಗಿ ಮಹಾತ್ಮ ಗಾಂಧಿಯವರ ಕೋರಿಕೆಯಂತೆ ಶಾಂತಿನಿಕೇತನದ ನಂದಲಾಲ್ ಬೋಸ್ ಅವರು ಹಳ್ಳಿಯ ಬದುಕನ್ನು ಚಿತ್ರಿಸುವ ಫಲಕಗಳ ಮಾಲಿಕೆಯನ್ನು ರಚಿಸಿದರು. ಕುಂಬಾರ, ಬಡಗಿ, ಡೋಲು ಬಾರಿಸುವವರು ಮೊದಲಾದವರ ಈ ಚಿತ್ರಗಳು ಅಧಿವೇಶನಕ್ಕೆ ಬಂದ ಸಾಮಾನ್ಯ ಜನರಿಗಾಗಿಯೇ ರಚಿತವಾಗಿದ್ದವು. ಮುಂದೆ ಭಾರತದ ಸಂವಿಧಾನದ ಮೂಲಪ್ರತಿಯ ಪುಟಗಳನ್ನು ಅಲಂಕರಿಸುವ ಕೆಲಸವೂ ನಂದಲಾಲ್ ಬೋಸ್ ಮತ್ತು ಅವರ ಶಿಷ್ಯರಿಗೆ ಒಪ್ಪಿತವಾಯಿತು.

ಸ್ವಾತಂತ್ರ್ಯಾನಂತರ ಜವಾಹರಲಾಲ್ ನೆಹರೂ ಅವರು ಸರ್ಕಾರಿ ಕಟ್ಟಡಗಳಲ್ಲಿ ಕಲಾಕೃತಿಗಳಿಗೆ ಸ್ಥಾನವಿರಬೇಕೆಂದು ಸೂಚಿಸಿದರು. ಇದರ ಪ್ರಸಿದ್ಧ ಫಲವೆಂದರೆ ನವದೆಹಲಿಯ ಭಾರತೀಯ ರಿಸರ್ವ್ ಬ್ಯಾಂಕ್ ಕಟ್ಟಡದ ಮುಂದಿರುವ ರಾಮಕಿಂಕರ್ ಬೈಜ್ ಅವರ ಯಕ್ಷ ಮತ್ತು ಯಕ್ಷಿ ಶಿಲ್ಪಗಳು. 1950ರ ದಶಕದ ಮಧ್ಯಭಾಗದಲ್ಲಿ ಆರಂಭವಾದ ಈ ಕೆಲಸ ಮುಗಿದದ್ದು 1967ರಲ್ಲಿ. ತಕ್ಕ ಕಲ್ಲಿನ ಹುಡುಕಾಟ, ಸಾಗಾಣಿಕೆ, ಏರಿದ ವೆಚ್ಚ ಇವುಗಳ ಜೊತೆಗೆ ಯಕ್ಷಿಯ ನಗ್ನತೆಯ ಕುರಿತು ಎದ್ದ ಆಕ್ಷೇಪಗಳನ್ನೂ ಈ ನಿಯೋಜನೆ ಎದುರಿಸಬೇಕಾಯಿತು. ದೊಡ್ಡ ಸಾರ್ವಜನಿಕ ಕೃತಿಯೊಂದಕ್ಕೆ ಕಲಾವಿದರ ಬದುಕಿನ ಹತ್ತು ವರ್ಷಗಳಷ್ಟು ಕಾಲ ಹಿಡಿಯಬಹುದೆಂಬುದಕ್ಕೆ ಇದು ನಿದರ್ಶನ.

ಇತರ ದೇಶಗಳಲ್ಲಿ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1930ರ ದಶಕದ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ನಿರುದ್ಯೋಗಿ ಕಲಾವಿದರಿಗೆ ಕೆಲಸ ನೀಡಲು ಫೆಡರಲ್ ಆರ್ಟ್ ಪ್ರಾಜೆಕ್ಟ್ (1935–1943) ಎಂಬ ಯೋಜನೆ ಜಾರಿಯಲ್ಲಿತ್ತು. ಕಟ್ಟಡ ನಿರ್ಮಾಣದ ವೆಚ್ಚದಲ್ಲಿ ಒಂದು ನಿರ್ದಿಷ್ಟ ಪಾಲನ್ನು ಕಲೆಗೆ ಮೀಸಲಿಡುವ ಕ್ರಮವು 20ನೆಯ ಶತಮಾನದ ಮಧ್ಯಭಾಗದಿಂದ ಹಬ್ಬಿತು. ಫ್ರಾನ್ಸ್ 1951ರಲ್ಲಿ ಶಿಕ್ಷಣ ಸಂಸ್ಥೆಗಳ ಕಟ್ಟಡಗಳಿಗೆ ಶೇ. 1ರ ನಿಯಮವನ್ನು ತಂದಿತು. ಅಮೆರಿಕದ ನಗರಗಳಲ್ಲಿ ಮೊದಲಿಗೆ ಫಿಲಡೆಲ್ಫಿಯಾ 1959ರಲ್ಲಿ ಇಂತಹ ನಿಯಮವನ್ನು ಅಳವಡಿಸಿಕೊಂಡಿತು. ಈ ನಿಯಮವಿರುವ ಕಡೆಗಳಲ್ಲಿ ಹೊಸ ಗ್ರಂಥಾಲಯ, ಆಸ್ಪತ್ರೆ ಅಥವಾ ನಿಲ್ದಾಣದ ನಿರ್ಮಾಣ ಆರಂಭವಾಯಿತೆಂದರೆ ಕಲಾವಿದರಿಗೂ ಒಂದು ಅವಕಾಶ ತೆರೆಯಿತೆಂದು ಅರ್ಥ.

ಕಲಾವಿದರ ಆಯ್ಕೆಯ ವಿಧಾನಗಳು

ಸಾರ್ವಜನಿಕ ಕಲಾಕೃತಿಗೆ ಕಲಾವಿದರನ್ನು ಆಯ್ದುಕೊಳ್ಳಲು ಸಾಮಾನ್ಯವಾಗಿ ನಾಲ್ಕು ವಿಧಾನಗಳಿವೆ.

• ನೇರ ಆಯ್ಕೆ: ಹೆಸರಾಂತ ಕಲಾವಿದರೊಬ್ಬರಿಗೆ ನೇರವಾಗಿ ಕೆಲಸ ಒಪ್ಪಿಸುವುದು. ಕಾಲ ಉಳಿಯುತ್ತದೆ, ಆದರೆ ಹೊಸಬರಿಗೆ ಅವಕಾಶವಿರುವುದಿಲ್ಲ.
• ಸೀಮಿತ ಸ್ಪರ್ಧೆ: ಆಯ್ದ ಕೆಲವರನ್ನು ಮಾತ್ರ ಆಹ್ವಾನಿಸಿ ಮಾದರಿಗಳನ್ನು ತರಿಸಿಕೊಳ್ಳುವುದು. ಉತ್ತಮ ಪದ್ಧತಿಯಲ್ಲಿ ಮಾದರಿ ತಯಾರಿಕೆಗೂ ಪ್ರತ್ಯೇಕ ಸಂಭಾವನೆ ಇರುತ್ತದೆ.
• ಮುಕ್ತ ಆಹ್ವಾನ: ಅರ್ಹತೆಯುಳ್ಳ ಯಾರಾದರೂ ಅರ್ಜಿ ಸಲ್ಲಿಸಬಹುದು. ಇದು ಹೆಚ್ಚಾಗಿ ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲ ಹಂತದಲ್ಲಿ ಹಿಂದಿನ ಕೆಲಸದ ವಿವರವನ್ನಷ್ಟೇ ಕೇಳುತ್ತಾರೆ. ಎರಡನೆಯ ಹಂತಕ್ಕೆ ಆಯ್ಕೆಯಾದವರಿಂದ ಪೂರ್ಣ ಪ್ರಸ್ತಾವವನ್ನು ಪಡೆಯುತ್ತಾರೆ.
• ಟೆಂಡರ್: ಕೃತಿಯ ಅಳತೆ, ವಸ್ತು, ತೂಕ ಮೊದಲಾದವನ್ನು ನಿಗದಿಪಡಿಸಿ ದರ ಕರೆಯುವುದು. ಸರ್ಕಾರಿ ಪ್ರತಿಮೆಗಳ ನಿರ್ಮಾಣದಲ್ಲಿ ಈ ಕ್ರಮ ಸಾಮಾನ್ಯ.

ಮುಕ್ತ ಸ್ಪರ್ಧೆಯಲ್ಲಿ ಕಲಾವಿದರ ಹೆಸರನ್ನು ತೀರ್ಪುಗಾರರಿಂದ ಮರೆಮಾಡುವ ಪದ್ಧತಿಯೂ ಇದೆ. ವಾಷಿಂಗ್ಟನ್ ನಗರದ ವಿಯೆಟ್ನಾಂ ಯೋಧರ ಸ್ಮಾರಕಕ್ಕಾಗಿ 1981ರಲ್ಲಿ ನಡೆದ ಸ್ಪರ್ಧೆಗೆ 1,400ಕ್ಕೂ ಹೆಚ್ಚು ವಿನ್ಯಾಸಗಳು ಬಂದಿದ್ದವು. ಹೆಸರುಗಳ ಬದಲು ಸಂಖ್ಯೆಗಳನ್ನಷ್ಟೇ ನೋಡಿ ತೀರ್ಪುಗಾರರು ಆರಿಸಿದ ವಿನ್ಯಾಸವು ಯೇಲ್ ವಿಶ್ವವಿದ್ಯಾಲಯದ 21 ವರ್ಷದ ವಿದ್ಯಾರ್ಥಿನಿ ಮಾಯಾ ಲಿನ್ ಅವರದಾಗಿತ್ತು. ಹೆಸರು ಮುಂದಿದ್ದಲ್ಲಿ ವಿದ್ಯಾರ್ಥಿನಿಯೊಬ್ಬರಿಗೆ ಇಷ್ಟು ದೊಡ್ಡ ಕೆಲಸ ದೊರೆಯುತ್ತಿತ್ತೇ ಎಂಬ ಪ್ರಶ್ನೆಯು ಆಯ್ಕೆ ವಿಧಾನಗಳ ಚರ್ಚೆಯಲ್ಲಿ ಪದೇ ಪದೇ ಕೇಳಿಬರುತ್ತದೆ.

ಅವಕಾಶಗಳು ಪ್ರಕಟವಾಗುವ ಕಡೆಗಳು

ಭಾರತದಲ್ಲಿ ಸಾರ್ವಜನಿಕ ಕಲೆಯ ಎಲ್ಲ ಪ್ರಕಟಣೆಗಳೂ ಸೇರುವ ಒಂದೇ ಸ್ಥಳವಿಲ್ಲ. ಆದ್ದರಿಂದ ಕಲಾವಿದರು ಹಲವು ಮೂಲಗಳನ್ನು ಏಕಕಾಲಕ್ಕೆ ಗಮನಿಸಬೇಕಾಗುತ್ತದೆ.

ಸರ್ಕಾರಿ ಮೂಲಗಳು. ಕರ್ನಾಟಕದಲ್ಲಿ ಸರ್ಕಾರಿ ಇಲಾಖೆಗಳ ಖರೀದಿ ಮತ್ತು ಕಾಮಗಾರಿಗಳಿಗೆ ‘ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999’ ಅನ್ವಯವಾಗುತ್ತದೆ. ಅದರಂತೆ ಟೆಂಡರುಗಳು ರಾಜ್ಯದ ಇ-ಸಂಗ್ರಹಣಾ ಜಾಲತಾಣದಲ್ಲಿ ಪ್ರಕಟವಾಗುತ್ತವೆ. ಇಲ್ಲಿ ‘ಕಲೆ’ ಎಂಬ ಪದದಿಂದ ಹುಡುಕಿದರೆ ಕೆಲಸ ಸಿಗುವುದು ಅಪರೂಪ. ಪ್ರತಿಮೆ ನಿರ್ಮಾಣ, ಸೌಂದರ್ಯೀಕರಣ, ವೃತ್ತದ ಅಭಿವೃದ್ಧಿ, ಉದ್ಯಾನವನ, ಗೋಡೆಬರಹ ಮುಂತಾದ ಶೀರ್ಷಿಕೆಗಳಡಿ ಕಲಾಕೃತಿಯ ಕೆಲಸ ಅಡಗಿರುತ್ತದೆ. ಟೆಂಡರಿನಲ್ಲಿ ಠೇವಣಿ ಹಣ, ಹಿಂದಿನ ವರ್ಷಗಳ ವಹಿವಾಟಿನ ಮೊತ್ತ, ಜಿಎಸ್‌ಟಿ ನೋಂದಣಿ ಮೊದಲಾದ ಷರತ್ತುಗಳಿರುವುದರಿಂದ ಒಬ್ಬೊಂಟಿ ಕಲಾವಿದರು ನೇರವಾಗಿ ಭಾಗವಹಿಸುವುದು ಕಷ್ಟ. ಇಂತಹ ಸಂದರ್ಭಗಳಲ್ಲಿ ಗುತ್ತಿಗೆದಾರರು ಟೆಂಡರ್ ಪಡೆದು ಕಲಾವಿದರಿಗೆ ಒಳಗುತ್ತಿಗೆ ನೀಡುವುದುಂಟು. ಆಗ ಕಲಾವಿದರ ಒಪ್ಪಂದ ಗುತ್ತಿಗೆದಾರರೊಡನೆಯೇ ಹೊರತು ಇಲಾಖೆಯೊಡನೆ ಅಲ್ಲ.

ಅಕಾಡೆಮಿಗಳು. 1954ರಲ್ಲಿ ಸ್ಥಾಪಿತವಾದ ಕೇಂದ್ರ ಲಲಿತ ಕಲಾ ಅಕಾಡೆಮಿ, ರಾಜ್ಯದ ಕರ್ನಾಟಕ ಲಲಿತಕಲಾ ಅಕಾಡೆಮಿ ಮತ್ತು ಕರ್ನಾಟಕ ಶಿಲ್ಪಕಲಾ ಅಕಾಡೆಮಿಗಳು ಶಿಬಿರ, ಪ್ರದರ್ಶನ, ಪುರಸ್ಕಾರಗಳ ಪ್ರಕಟಣೆಗಳನ್ನು ಹೊರಡಿಸುತ್ತವೆ.

ಸಾರಿಗೆ ಮತ್ತು ಇತರ ಸಂಸ್ಥೆಗಳು. ವಿಮಾನ ನಿಲ್ದಾಣ, ಮೆಟ್ರೊ ರೈಲು, ಆಸ್ಪತ್ರೆ ಮತ್ತು ವಿದ್ಯಾಸಂಸ್ಥೆಗಳು ಹೊಸ ಕಟ್ಟಡಗಳಿಗೆ ಕೃತಿಗಳನ್ನು ಬರೆಯಿಸುತ್ತವೆ. ಮುಂಬಯಿ ವಿಮಾನ ನಿಲ್ದಾಣದ ಎರಡನೆಯ ಟರ್ಮಿನಲ್‌ನಲ್ಲಿ 2014ರಲ್ಲಿ ತೆರೆದ, ರಾಜೀವ್ ಸೇಠಿ ಅವರು ಸಂಯೋಜಿಸಿದ ‘ಜಯ ಹೇ’ ಕಲಾಸಂಗ್ರಹವು ಇದರ ದೊಡ್ಡ ಉದಾಹರಣೆ. ಇಂತಹ ಕಡೆಗಳಲ್ಲಿ ಆಯ್ಕೆಯು ಬಹುಮಟ್ಟಿಗೆ ಕಲಾ ಸಂಯೋಜಕರು ಅಥವಾ ವಾಸ್ತುಶಿಲ್ಪಿಗಳ ಮೂಲಕ ನಡೆಯುವುದರಿಂದ ಅವರಿಗೆ ಕಲಾವಿದರ ಕೆಲಸದ ಪರಿಚಯವಿರುವುದು ಮುಖ್ಯವಾಗುತ್ತದೆ.

ಉತ್ಸವಗಳು ಮತ್ತು ಸ್ವಯಂಸೇವಾ ಸಂಸ್ಥೆಗಳು. 2012ರಲ್ಲಿ ಆರಂಭವಾದ ಕೊಚ್ಚಿ-ಮುಜಿರಿಸ್ ಬಿಯೆನಾಲೆ, 2014ರಿಂದ ನಗರಗಳ ಗೋಡೆಚಿತ್ರಗಳಲ್ಲಿ ತೊಡಗಿರುವ ಸ್ಟಾರ್ಟ್ ಇಂಡಿಯಾ ಫೌಂಡೇಶನ್ ಮೊದಲಾದವು ಕಲಾವಿದರನ್ನು ಸಾರ್ವಜನಿಕ ಸ್ಥಳಗಳಿಗೆ ಕರೆತಂದಿವೆ. ದೆಹಲಿಯ ಲೋಧಿ ಕಾಲೊನಿಯ ಸರ್ಕಾರಿ ವಸತಿಗೃಹಗಳ ಗೋಡೆಗಳ ಮೇಲಿನ ಚಿತ್ರಗಳು ಈ ಸಂಸ್ಥೆಯ ಹೆಸರಾದ ಕೆಲಸ. ಬೆಂಗಳೂರಿನಲ್ಲಿ ನೆಲೆಯಿರುವ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಕಲಾ ಯೋಜನೆಗಳಿಗೆ ಧನಸಹಾಯ ನೀಡುತ್ತದೆ.

ಅಂತರರಾಷ್ಟ್ರೀಯ ಪಟ್ಟಿಗಳು. 1993ರಲ್ಲಿ ಸ್ಥಾಪಿತವಾದ ರೆಸ್ ಆರ್ಟಿಸ್ ಎಂಬ ಜಾಗತಿಕ ಒಕ್ಕೂಟ ಹಾಗೂ ನೆದರ್ಲೆಂಡ್ಸ್‌ನ ಟ್ರಾನ್ಸ್ ಆರ್ಟಿಸ್ಟ್ಸ್ ಎಂಬ ಮಾಹಿತಿ ಕೇಂದ್ರಗಳು ನಾನಾ ದೇಶಗಳ ರೆಸಿಡೆನ್ಸಿಗಳ ವಿವರಗಳನ್ನು ಒಂದೆಡೆ ನೀಡುತ್ತವೆ.

ಅರ್ಜಿ ಮತ್ತು ಪ್ರಸ್ತಾವ

ಅರ್ಜಿಯಲ್ಲಿ ಸಾಮಾನ್ಯವಾಗಿ ಕೇಳುವ ದಾಖಲೆಗಳೆಂದರೆ ಸ್ವವಿವರ, ಹತ್ತರಿಂದ ಇಪ್ಪತ್ತು ಕೃತಿಗಳ ಛಾಯಾಚಿತ್ರಗಳು, ಪ್ರತಿಯೊಂದರ ಅಳತೆ, ಮಾಧ್ಯಮ ಹಾಗೂ ವರ್ಷ, ತಮ್ಮ ಕಲೆಯ ಕುರಿತು ಕಲಾವಿದರ ಸಂಕ್ಷಿಪ್ತ ಹೇಳಿಕೆ, ಮತ್ತು ಪ್ರಸ್ತಾವ. ಕೃತಿಯ ಛಾಯಾಚಿತ್ರ ಮಸುಕಾಗಿದ್ದರೆ ಕೃತಿಯೇ ಮಸುಕೆಂದು ತೀರ್ಪುಗಾರರಿಗೆ ತೋರುತ್ತದೆ. ಆದ್ದರಿಂದ ಹಗಲು ಬೆಳಕಿನಲ್ಲಿ, ನೇರವಾಗಿ, ಸುತ್ತಲ ವಸ್ತುಗಳು ಕಾಣದಂತೆ ತೆಗೆದ ಚಿತ್ರಗಳು ಅಗತ್ಯ. ಸಾರ್ವಜನಿಕ ಕೃತಿಯಾದರೆ ಪಕ್ಕದಲ್ಲಿ ಜನರಿರುವ ಒಂದು ಚಿತ್ರವಾದರೂ ಇರಬೇಕು. ಕೃತಿಯ ಗಾತ್ರ ತಿಳಿಯುವುದು ಅದರಿಂದಲೇ.

ಪ್ರಸ್ತಾವದಲ್ಲಿ ಮುಖ್ಯವಾಗಿ ನಾಲ್ಕು ಪ್ರಶ್ನೆಗಳಿಗೆ ಉತ್ತರವಿರಬೇಕಾಗುತ್ತದೆ: ಏನನ್ನು ರಚಿಸಲಾಗುವುದು, ಅದು ಆ ಸ್ಥಳಕ್ಕೇ ಏಕೆ ಒಪ್ಪುತ್ತದೆ, ಹೇಗೆ ಮತ್ತು ಎಷ್ಟು ಕಾಲದಲ್ಲಿ ರಚಿಸಲಾಗುವುದು, ಎಷ್ಟು ವೆಚ್ಚವಾಗುವುದು. ಇವುಗಳಲ್ಲಿ ಎರಡನೆಯ ಪ್ರಶ್ನೆ ಹೆಚ್ಚಿನ ಮಹತ್ವದ್ದು. ಸ್ಥಳಕ್ಕೆ ಹೋಗಿ ಬೆಳಗ್ಗೆ, ಮಧ್ಯಾಹ್ನ, ಸಂಜೆ ಅಲ್ಲಿನ ಬೆಳಕು, ನೆರಳು, ಜನಸಂಚಾರ, ಮಳೆನೀರಿನ ಹರಿವು ಇವನ್ನು ಗಮನಿಸಿ ಬರೆದ ಪ್ರಸ್ತಾವಕ್ಕೂ ನಕ್ಷೆಯನ್ನು ನೋಡಿ ಬರೆದ ಪ್ರಸ್ತಾವಕ್ಕೂ ವ್ಯತ್ಯಾಸ ಎದ್ದು ಕಾಣುತ್ತದೆ. ಶಿಲ್ಪವಾದರೆ ಪ್ರಸ್ತಾವದೊಡನೆ ಸಣ್ಣ ಅಳತೆಯ ಮಾದರಿಯನ್ನು ಮಣ್ಣು ಅಥವಾ ಪ್ಲಾಸ್ಟರ್‌ನಲ್ಲಿ ಮಾಡಿ ತೋರಿಸುವ ರೂಢಿಯಿದೆ.

ವೆಚ್ಚ ಮತ್ತು ಒಪ್ಪಂದ

ನಿಯೋಜನೆಯ ಮೊತ್ತವು ಕಲಾವಿದರ ಸಂಭಾವನೆಗೆ ಸಮನಲ್ಲ. ಸಾಮಗ್ರಿ, ಎರಕ ಅಥವಾ ಕೆತ್ತನೆಯ ಕೂಲಿ, ಸಹಾಯಕರ ವೇತನ, ಸಾಗಾಣಿಕೆ, ಕ್ರೇನ್ ಬಾಡಿಗೆ, ಅಡಿಪಾಯ, ರಚನಾ ಎಂಜಿನಿಯರ್ ಪ್ರಮಾಣಪತ್ರ, ವಿಮೆ, ತೆರಿಗೆ ಇವೆಲ್ಲವೂ ಅದರೊಳಗೆ ಬರುತ್ತವೆ. ಕಲಾವಿದರು ತಮ್ಮ ಸಂಭಾವನೆಯನ್ನು ಅಂದಾಜುಪಟ್ಟಿಯ ಮೊದಲ ಸಾಲಿನಲ್ಲಿ ಪ್ರತ್ಯೇಕವಾಗಿ ತೋರಿಸದೆ, ‘ಉಳಿದದ್ದು ನನಗೆ’ ಎಂದುಕೊಂಡರೆ ಕೊನೆಗೆ ಏನೂ ಉಳಿಯದಿರುವ ಸಂಭವವೇ ಹೆಚ್ಚು. ಅನಿರೀಕ್ಷಿತ ವೆಚ್ಚಕ್ಕೆಂದು ಸ್ವಲ್ಪ ಭಾಗವನ್ನು ಮೀಸಲಿಡುವುದು ವಾಡಿಕೆ.

ಹಣ ಪಾವತಿಯು ಹಂತಹಂತವಾಗಿ ನಡೆಯುತ್ತದೆ: ಒಪ್ಪಂದಕ್ಕೆ ಸಹಿ ಹಾಕಿದಾಗ ಮುಂಗಡ, ಮಾದರಿಗೆ ಒಪ್ಪಿಗೆ ದೊರೆತಾಗ, ಅರ್ಧ ಕೆಲಸ ಮುಗಿದಾಗ, ಸ್ಥಾಪನೆಯಾದ ಬಳಿಕ. ಉತ್ತಮ ಒಪ್ಪಂದದಲ್ಲಿ ಈ ಕೆಳಗಿನ ಅಂಶಗಳೂ ಲಿಖಿತವಾಗಿರುತ್ತವೆ.

• ಮಾದರಿಗೆ ಒಪ್ಪಿಗೆ ನೀಡುವ ಅಧಿಕಾರ ಯಾರದು, ಒಪ್ಪಿಗೆಯ ನಂತರ ಬದಲಾವಣೆ ಬಯಸಿದರೆ ಅದರ ವೆಚ್ಚ ಯಾರದು.
• ನಿವೇಶನ ಸಿದ್ಧವಾಗದೆ ಕೆಲಸ ತಡವಾದರೆ ಪರಿಹಾರವೇನು.
• ಕೃತಿಯ ಬಳಿ ಕಲಾವಿದರ ಹೆಸರಿನ ಫಲಕ ಇರುತ್ತದೆಯೇ.
• ಸ್ವಚ್ಛತೆ ಮತ್ತು ದುರಸ್ತಿಯ ಹೊಣೆ ಯಾರದು. ದುರಸ್ತಿಗೆ ಮುನ್ನ ಕಲಾವಿದರ ಸಲಹೆ ಪಡೆಯಬೇಕೇ.
• ಕೃತಿಯನ್ನು ಸ್ಥಳಾಂತರಿಸಬೇಕಾದರೆ ಅಥವಾ ತೆಗೆಯಬೇಕಾದರೆ ಎಷ್ಟು ದಿನ ಮುಂಚಿತವಾಗಿ ಕಲಾವಿದರಿಗೆ ತಿಳಿಸಬೇಕು.
• ಕೃತಿಸ್ವಾಮ್ಯ ಯಾರಲ್ಲಿ ಉಳಿಯುತ್ತದೆ.

ಕೃತಿಯ ಮೇಲಿನ ಹಕ್ಕುಗಳು

ಭಾರತೀಯ ಕೃತಿಸ್ವಾಮ್ಯ ಕಾಯಿದೆ, 1957ರಲ್ಲಿ ಹಕ್ಕುಗಳು ಎರಡು ಬಗೆಯಾಗಿವೆ. ಮೊದಲನೆಯದು ಕೃತಿಯನ್ನು ಪ್ರತಿಮಾಡುವ, ಮುದ್ರಿಸುವ ಆರ್ಥಿಕ ಹಕ್ಕು. ಕಾಯಿದೆಯ 17ನೆಯ ಸೆಕ್ಷನ್‌ನಂತೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಹಣ ಪಡೆದು ಬೇರೊಬ್ಬರ ಕೋರಿಕೆಯ ಮೇರೆಗೆ ರಚಿಸಿದ ವರ್ಣಚಿತ್ರ ಅಥವಾ ಭಾವಚಿತ್ರದ ಕೃತಿಸ್ವಾಮ್ಯವು ಕೋರಿದವರಿಗೇ ಸೇರುತ್ತದೆ. ಆ ಉಪವಿಧಿಯ ಪಟ್ಟಿಯಲ್ಲಿ ಶಿಲ್ಪದ ಹೆಸರಿಲ್ಲ. ಎರಡನೆಯದು ಕರ್ತೃವಿನ ವಿಶೇಷ ಹಕ್ಕು. ಇದನ್ನು ನೈತಿಕ ಹಕ್ಕು ಎಂದೂ ಕರೆಯುತ್ತಾರೆ. 57ನೆಯ ಸೆಕ್ಷನ್‌ನಂತೆ ಕೃತಿಸ್ವಾಮ್ಯವನ್ನು ಬೇರೆಯವರಿಗೆ ಬಿಟ್ಟುಕೊಟ್ಟ ಮೇಲೂ ಕೃತಿಯು ತನ್ನದೆಂದು ಹೇಳಿಕೊಳ್ಳುವ ಹಕ್ಕು, ಹಾಗೂ ತನ್ನ ಗೌರವಕ್ಕೆ ಕುಂದು ತರುವಂತೆ ಅದನ್ನು ವಿರೂಪಗೊಳಿಸುವುದನ್ನು ತಡೆಯುವ ಹಕ್ಕು ಕರ್ತೃವಿನಲ್ಲಿಯೇ ಉಳಿಯುತ್ತವೆ. ಆದರೆ ಕೃತಿಯನ್ನು ಪ್ರದರ್ಶಿಸದಿರುವುದು ಮಾತ್ರವೇ ಈ ಹಕ್ಕಿನ ಉಲ್ಲಂಘನೆಯಾಗುವುದಿಲ್ಲವೆಂದು ಕಾಯಿದೆಯ ವಿವರಣೆ ಹೇಳುತ್ತದೆ.

ಅಮರನಾಥ್ ಸೆಹಗಲ್ ಪ್ರಕರಣ

1957ರಲ್ಲಿ ಭಾರತ ಸರ್ಕಾರವು ನವದೆಹಲಿಯ ವಿಜ್ಞಾನ ಭವನದ ಗೋಡೆಗಾಗಿ ಕಂಚಿನ ಭಿತ್ತಿಶಿಲ್ಪವೊಂದನ್ನು ರಚಿಸುವ ಕೆಲಸವನ್ನು ಶಿಲ್ಪಿ ಅಮರನಾಥ್ ಸೆಹಗಲ್ ಅವರಿಗೆ ಒಪ್ಪಿಸಿತು. ಸುಮಾರು 140 ಅಡಿ ಉದ್ದ, 40 ಅಡಿ ಎತ್ತರದ ಈ ಕೃತಿಯಲ್ಲಿ ಭಾರತದ ರೈತರು, ಕುಶಲಕರ್ಮಿಗಳು, ಹೆಂಗಸರು, ಮಕ್ಕಳು ಮತ್ತು ಹಬ್ಬಗಳ ಬದುಕು ಮೂಡಿತ್ತು. 1962ರಲ್ಲಿ ಕೃತಿ ಪೂರ್ಣಗೊಂಡಿತು. ದೇಶವಿದೇಶಗಳ ಗಣ್ಯರು ಸೇರುವ ಸಭಾಭವನದಲ್ಲಿ ಅದು ಹದಿನೇಳು ವರ್ಷ ಇತ್ತು.

1979ರಲ್ಲಿ ಭವನದ ನವೀಕರಣದ ಸಂದರ್ಭದಲ್ಲಿ ಶಿಲ್ಪಿಗೆ ತಿಳಿಸದೆಯೇ ಕೃತಿಯನ್ನು ಗೋಡೆಯಿಂದ ಕಳಚಿ ಉಗ್ರಾಣಕ್ಕೆ ಸಾಗಿಸಲಾಯಿತು. ಈ ಕ್ರಮದಲ್ಲಿ ಅದು ತುಂಡುತುಂಡಾಯಿತು. ಕೆಲವು ಭಾಗಗಳು ಕಳೆದುಹೋದವು. ಸರ್ಕಾರಕ್ಕೆ ಮಾಡಿಕೊಂಡ ಮನವಿಗಳು ಫಲಿಸದಿದ್ದಾಗ ಸೆಹಗಲ್ ಅವರು ದೆಹಲಿ ಉಚ್ಚ ನ್ಯಾಯಾಲಯದ ಮೊರೆಹೋದರು. ಕೃತಿಗೆ ಮತ್ತಷ್ಟು ಹಾನಿಯಾಗದಂತೆ ನ್ಯಾಯಾಲಯವು 1992ರಲ್ಲಿ ಮಧ್ಯಂತರ ತಡೆ ನೀಡಿತು.

ಕೃತಿಗೆ ಹಣ ನೀಡಿ ಕೊಂಡಿರುವುದರಿಂದ ಅದನ್ನು ಏನು ಮಾಡುವುದಕ್ಕೂ ತನಗೆ ಅಧಿಕಾರವಿದೆ ಎಂಬುದು ಸರ್ಕಾರದ ವಾದದ ತಿರುಳಾಗಿತ್ತು. 2005ರ ಫೆಬ್ರವರಿ 21ರಂದು ನ್ಯಾಯಮೂರ್ತಿ ಪ್ರದೀಪ್ ನಂದ್ರಾಜೋಗ್ ಅವರು ನೀಡಿದ ತೀರ್ಪು ಈ ವಾದವನ್ನು ಒಪ್ಪಲಿಲ್ಲ. ಕೃತಿಯ ನಾಶವು ವಿರೂಪಗೊಳಿಸುವಿಕೆಯ ಪರಮಾವಧಿ ರೂಪವೆಂದೂ, ಅದರಿಂದ ಕರ್ತೃವಿನ ಒಟ್ಟು ಸಾಧನೆಯೇ ಕುಗ್ಗುವುದೆಂದೂ, ರಾಷ್ಟ್ರದ ಸಾಂಸ್ಕೃತಿಕ ಪರಂಪರೆಯ ಭಾಗವಾದ ಕೃತಿಯನ್ನು ಕಾಪಾಡುವ ಹೊಣೆ ಸರ್ಕಾರಕ್ಕೆ ಇದೆಯೆಂದೂ ನ್ಯಾಯಾಲಯ ಅಭಿಪ್ರಾಯಪಟ್ಟಿತು. ಉಳಿದ ಭಾಗಗಳನ್ನು ಶಿಲ್ಪಿಗೆ ಹಿಂದಿರುಗಿಸಬೇಕೆಂದೂ 5 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದೂ ಆದೇಶಿಸಿತು. ಕೃತಿ ಕಳಚಿದ ಇಪ್ಪತ್ತಾರು ವರ್ಷಗಳ ನಂತರ ಈ ತೀರ್ಪು ಬಂದಿತು. ಸೆಹಗಲ್ ಅವರು 2007ರಲ್ಲಿ ನಿಧನರಾದರು.

ಈ ತೀರ್ಪಿನ ವ್ಯಾಪ್ತಿಗೆ ಮಿತಿಯೂ ಇದೆ. ದೆಹಲಿಯ ಪ್ರಗತಿ ಮೈದಾನದ ಹಾಲ್ ಆಫ್ ನೇಶನ್ಸ್ ಕಟ್ಟಡವನ್ನು 2017ರಲ್ಲಿ ಕೆಡವಿದ ಬಗ್ಗೆ ಅದರ ವಾಸ್ತುಶಿಲ್ಪಿ ರಾಜ್ ರೇವಾಲ್ ಹೂಡಿದ ದಾವೆಯಲ್ಲಿ, ಜಮೀನಿನ ಒಡೆತನವುಳ್ಳವರು ಕಟ್ಟಡವನ್ನು ಪೂರ್ಣವಾಗಿ ಕೆಡವುವುದನ್ನು ವಾಸ್ತುಶಿಲ್ಪಿ ತಡೆಯಲಾಗದೆಂದು ಅದೇ ನ್ಯಾಯಾಲಯ 2019ರಲ್ಲಿ ಹೇಳಿತು. ಹೀಗಾಗಿ ಸ್ಥಳಾಂತರ ಮತ್ತು ತೆರವಿನ ವಿಷಯವನ್ನು ಕಾಯಿದೆಗಷ್ಟೇ ಬಿಡದೆ ಒಪ್ಪಂದದಲ್ಲಿಯೇ ಬರೆದುಕೊಳ್ಳುವುದು ಸುರಕ್ಷಿತವೆಂದು ಪರಿಗಣಿಸಲಾಗುತ್ತದೆ.

ಟಿಲ್ಟೆಡ್ ಆರ್ಕ್ ವಿವಾದ

ಅಮೆರಿಕದಲ್ಲಿ ಇದಕ್ಕೆ ಹೋಲುವ ಪ್ರಸಂಗ ರಿಚರ್ಡ್ ಸೆರಾ ಅವರ ‘ಟಿಲ್ಟೆಡ್ ಆರ್ಕ್’ ಶಿಲ್ಪದ್ದು. ನ್ಯೂಯಾರ್ಕಿನ ಫೆಡರಲ್ ಪ್ಲಾಜಾದಲ್ಲಿ 1981ರಲ್ಲಿ ಸರ್ಕಾರವೇ ಸ್ಥಾಪಿಸಿದ, 120 ಅಡಿ ಉದ್ದ ಮತ್ತು 12 ಅಡಿ ಎತ್ತರದ ಈ ಉಕ್ಕಿನ ಗೋಡೆ ತಮ್ಮ ಓಡಾಟಕ್ಕೆ ಅಡ್ಡಿಯೆಂದು ಅಲ್ಲಿನ ಹಲವು ನೌಕರರು ದೂರಿದರು. 1985ರ ಬಹಿರಂಗ ವಿಚಾರಣೆ ಮತ್ತು ನ್ಯಾಯಾಲಯದ ಹೋರಾಟದ ನಂತರ 1989ರಲ್ಲಿ ಅದನ್ನು ತುಂಡರಿಸಿ ತೆಗೆಯಲಾಯಿತು. ಆ ಸ್ಥಳಕ್ಕೆಂದೇ ರಚಿಸಿದ ಕೃತಿಯನ್ನು ಸ್ಥಳಾಂತರಿಸುವುದೆಂದರೆ ನಾಶ ಮಾಡುವುದೇ ಎಂದು ಸೆರಾ ವಾದಿಸಿದ್ದರು. ಮರುವರ್ಷ, 1990ರಲ್ಲಿ, ದೃಶ್ಯಕಲಾವಿದರ ಹಕ್ಕುಗಳ ಕಾಯಿದೆ ಅಮೆರಿಕದಲ್ಲಿ ಅಂಗೀಕೃತವಾಯಿತು. ಸ್ಥಳೀಯರ ಅಭಿಪ್ರಾಯವನ್ನು ಮೊದಲೇ ಕೇಳದೆ ಕೃತಿಯನ್ನು ನಿಲ್ಲಿಸಿದರೆ ಆಗುವ ತೊಂದರೆಗೂ ಈ ಪ್ರಸಂಗವನ್ನು ಉದಾಹರಿಸುತ್ತಾರೆ.

ಕಲಾವಿದರ ರೆಸಿಡೆನ್ಸಿ

ಉಗಮ

ಫ್ರಾನ್ಸ್ 1666ರಲ್ಲಿ ರೋಮ್ ನಗರದಲ್ಲಿ ಸ್ಥಾಪಿಸಿದ ಅಕಾಡೆಮಿಯಲ್ಲಿ ಯುವ ಕಲಾವಿದರು ಸರ್ಕಾರದ ವೆಚ್ಚದಲ್ಲಿ ತಂಗಿ ಪ್ರಾಚೀನ ಕೃತಿಗಳನ್ನು ಅಭ್ಯಸಿಸುತ್ತಿದ್ದರು. ಆಧುನಿಕ ರೆಸಿಡೆನ್ಸಿಯ ಆರಂಭಿಕ ಮಾದರಿಗಳಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ 1907ರಲ್ಲಿ ಸ್ಥಾಪನೆಯಾದ ಮ್ಯಾಕ್‌ಡೊವೆಲ್ ಪ್ರಮುಖವಾದುದು. ಅಲ್ಲಿ ಕಲಾವಿದರಿಗೆ ಪ್ರತ್ಯೇಕ ಕುಟೀರ ನೀಡಲಾಗುತ್ತದೆ. ಮಧ್ಯಾಹ್ನದ ಊಟವನ್ನು ಬುಟ್ಟಿಯಲ್ಲಿ ಬಾಗಿಲ ಬಳಿ ಇಟ್ಟುಹೋಗುವುದು ಅಲ್ಲಿನ ಸಂಪ್ರದಾಯ.

ಏಕಾಂತಕ್ಕೆ ಬದಲಾಗಿ ಕಲಾವಿದರನ್ನು ಕಚೇರಿ, ಕಾರ್ಖಾನೆಗಳಿಗೇ ಕಳುಹಿಸುವ ಕ್ರಮವು 1960ರ ದಶಕದಲ್ಲಿ ಲಂಡನ್ನಿನ ಆರ್ಟಿಸ್ಟ್ ಪ್ಲೇಸ್‌ಮೆಂಟ್ ಗ್ರೂಪ್‌ನಿಂದ ಆರಂಭವಾಯಿತು. ನ್ಯೂಯಾರ್ಕಿನಲ್ಲಿ ಮಿಯರ್ಲ್ ಲೇಡರ್ಮನ್ ಯೂಕೆಲೆಸ್ ಅವರು 1977ರಿಂದ ನಗರದ ನೈರ್ಮಲ್ಯ ಇಲಾಖೆಯಲ್ಲಿ ವೇತನವಿಲ್ಲದ ಕಲಾವಿದೆಯಾಗಿ ತೊಡಗಿಕೊಂಡರು. 1979–80ರಲ್ಲಿ ಅವರು ಇಲಾಖೆಯ ಸುಮಾರು 8,500 ಪೌರಕಾರ್ಮಿಕರನ್ನು ಕಂಡು, ಒಬ್ಬೊಬ್ಬರ ಕೈಕುಲುಕಿ, ನಗರವನ್ನು ಜೀವಂತವಾಗಿಟ್ಟಿರುವುದಕ್ಕೆ ಕೃತಜ್ಞತೆ ಹೇಳಿದರು. ಆ ಕೈಕುಲುಕುವಿಕೆಯೇ ಅವರ ಕಲಾಕೃತಿಯಾಗಿತ್ತು.

ಭಾರತದಲ್ಲಿ

ಕಲಾವಿದರು ಒಂದೆಡೆ ನೆಲೆಸಿ ಕೆಲಸ ಮಾಡುವ ಪ್ರಯತ್ನಗಳಲ್ಲಿ ಮದರಾಸಿನ ಬಳಿ ಕೆ.ಸಿ.ಎಸ್. ಪಣಿಕ್ಕರ್ ಅವರ ಮುಂದಾಳತ್ವದಲ್ಲಿ 1966ರಲ್ಲಿ ರೂಪುಗೊಂಡ ಚೋಳಮಂಡಲ ಕಲಾವಿದರ ಗ್ರಾಮ ಹೆಸರಾಗಿದೆ. ಅಲ್ಲಿನ ಕಲಾವಿದರು ಕರಕುಶಲ ವಸ್ತುಗಳನ್ನು ಮಾರಿ ಬಂದ ಹಣದಿಂದ ಜೀವನ ಸಾಗಿಸುತ್ತಲೇ ತಮ್ಮ ಚಿತ್ರ, ಶಿಲ್ಪಗಳನ್ನು ರಚಿಸಿದರು. ದೆಹಲಿಯ ಗಢಿಯಲ್ಲಿ ಲಲಿತ ಕಲಾ ಅಕಾಡೆಮಿಯ ಸ್ಟುಡಿಯೊಗಳು 1976ರಲ್ಲಿ ಆರಂಭವಾದವು. 1997ರಲ್ಲಿ ಕಲಾವಿದರೇ ಕಟ್ಟಿದ ಖೋಜ್ ಸಂಸ್ಥೆಯು ದೆಹಲಿಯ ಖಿಡ್ಕಿ ಬಡಾವಣೆಯಲ್ಲಿ ರೆಸಿಡೆನ್ಸಿಗಳನ್ನು ನಡೆಸುತ್ತದೆ. ಬೆಂಗಳೂರಿನ ಶಾಂತಿನಗರದಲ್ಲಿ ಸುರೇಶ್ ಜಯರಾಂ ಅವರು 2003ರಲ್ಲಿ ಆರಂಭಿಸಿದ ‘ನಂ. 1 ಶಾಂತಿ ರೋಡ್’ ದೇಶವಿದೇಶಗಳ ಕಲಾವಿದರಿಗೆ ತಂಗುದಾಣವೂ ಪ್ರದರ್ಶನ ಸ್ಥಳವೂ ಆಗಿದೆ.

ವಿಧಗಳು

ಹಣಕಾಸಿನ ದೃಷ್ಟಿಯಿಂದ ರೆಸಿಡೆನ್ಸಿಗಳು ಮೂರು ಬಗೆ. ಪೂರ್ಣ ನೆರವಿನವುಗಳಲ್ಲಿ ಪ್ರಯಾಣ, ವಸತಿ, ಊಟ, ಸಾಮಗ್ರಿ ಹಾಗೂ ಭತ್ಯೆ ಸಿಗುತ್ತದೆ. ಭಾಗಶಃ ನೆರವಿನವುಗಳಲ್ಲಿ ವಸತಿ ಮತ್ತು ಸ್ಟುಡಿಯೊ ಮಾತ್ರ ಉಚಿತ. ಮೂರನೆಯ ಬಗೆಯಲ್ಲಿ ಕಲಾವಿದರೇ ಶುಲ್ಕ ತೆರಬೇಕು. ಶುಲ್ಕವಿರುವುದೆಲ್ಲ ಮೋಸವಲ್ಲ; ಆದರೆ ಆಯ್ಕೆ ಪ್ರಕ್ರಿಯೆಯೇ ಇಲ್ಲದೆ ಎಲ್ಲರಿಗೂ ಒಪ್ಪಿಗೆ ಪತ್ರ ಕಳುಹಿಸಿ ಹಣ ಕೇಳುವ ಪ್ರಕಟಣೆಗಳ ವಿಷಯದಲ್ಲಿ ಎಚ್ಚರ ಅಗತ್ಯ. ಹಿಂದೆ ಭಾಗವಹಿಸಿದ ಕಲಾವಿದರಲ್ಲಿ ಒಬ್ಬಿಬ್ಬರನ್ನು ವಿಚಾರಿಸುವುದು ಇದಕ್ಕೆ ಸರಳವಾದ ಪರೀಕ್ಷೆ.

ಕರ್ನಾಟಕದಲ್ಲಿ ಇತ್ತೀಚಿನ ಸಾರ್ವಜನಿಕ ಕಲೆ

2000ರ ದಶಕದ ಕೊನೆಯಲ್ಲಿ ಬೆಂಗಳೂರಿನ ಮಹಾನಗರ ಪಾಲಿಕೆಯು ನಗರದ ಗೋಡೆಗಳಿಗೆ ಚಿತ್ರ ಬರೆಯುವ ಕೆಲಸವನ್ನು ಸಿನಿಮಾ ಬ್ಯಾನರ್ ಕಲಾವಿದರಿಗೆ ನೀಡಿತು. ಫ್ಲೆಕ್ಸ್ ಮುದ್ರಣ ಬಂದ ಮೇಲೆ ಕೆಲಸ ಕಳೆದುಕೊಂಡಿದ್ದ ಈ ಕಲಾವಿದರು ಹಂಪಿ, ಮೈಸೂರು ಅರಮನೆ, ಜಲಪಾತ, ಹುಲಿ, ಆನೆಗಳನ್ನು ರಸ್ತೆಬದಿಯ ಗೋಡೆಗಳ ಮೇಲೆ ಮೂಡಿಸಿದರು. ನಮ್ಮ ಮೆಟ್ರೊದ ಮಹಾತ್ಮ ಗಾಂಧಿ ರಸ್ತೆ ನಿಲ್ದಾಣದ ಬಳಿ 2013ರಲ್ಲಿ ರಂಗೋಲಿ ಮೆಟ್ರೊ ಕಲಾಕೇಂದ್ರ ಆರಂಭವಾಯಿತು. ಪೀಣ್ಯ ಮತ್ತು ಕಬ್ಬನ್ ಪಾರ್ಕ್ ನಿಲ್ದಾಣಗಳಲ್ಲಿ ಸೃಷ್ಟಿ ಕಲಾಸಂಸ್ಥೆಯ ವಿದ್ಯಾರ್ಥಿಗಳು ‘ಆರ್ಟ್ ಇನ್ ಟ್ರಾನ್ಸಿಟ್’ ಯೋಜನೆಯಡಿ ಕೃತಿಗಳನ್ನು ರಚಿಸಿದರು. 2022ರ ನವೆಂಬರ್ 11ರಂದು ಬೆಂಗಳೂರು ವಿಮಾನ ನಿಲ್ದಾಣದ ಆವರಣದಲ್ಲಿ ರಾಮ್ ವಿ. ಸುತಾರ್ ಅವರು ರೂಪಿಸಿದ ಕೆಂಪೇಗೌಡರ 108 ಅಡಿ ಎತ್ತರದ ಕಂಚಿನ ಪ್ರತಿಮೆ ಅನಾವರಣಗೊಂಡಿತು.

ಯಾರೂ ನಿಯೋಜಿಸದೆಯೇ ರಚಿತವಾದ ಸಾರ್ವಜನಿಕ ಕಲೆಯೂ ರಾಜ್ಯದಲ್ಲಿ ಗಮನ ಸೆಳೆದಿದೆ. 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಬಾದಲ್ ನಂಜುಂಡಸ್ವಾಮಿ ಅವರು ಇರಿಸಿದ ಮೊಸಳೆಯ ಪ್ರತಿಕೃತಿ ಇದಕ್ಕೆ ಪ್ರಸಿದ್ಧ ಉದಾಹರಣೆ. 2019ರಲ್ಲಿ ಗುಂಡಿಬಿದ್ದ ರಸ್ತೆಯ ಮೇಲೆ ಗಗನಯಾತ್ರಿಯ ವೇಷಧಾರಿಯೊಬ್ಬರನ್ನು ನಡೆಸಿ, ಅದು ಚಂದ್ರನ ನೆಲವೆಂಬಂತೆ ಚಿತ್ರೀಕರಿಸಿದ ಅವರ ದೃಶ್ಯವೂ ಜನಪ್ರಿಯವಾಯಿತು.

ವಿಮರ್ಶೆ

ಸಾರ್ವಜನಿಕ ಕಲಾ ನಿಯೋಜನೆಯ ಈಗಿನ ಪದ್ಧತಿಗಳ ಬಗ್ಗೆ ಕೆಲವು ಆಕ್ಷೇಪಗಳಿವೆ. ಕಡಿಮೆ ದರ ನಮೂದಿಸಿದವರಿಗೆ ಕೆಲಸ ನೀಡುವ ಟೆಂಡರ್ ನಿಯಮವು ರಸ್ತೆ, ಚರಂಡಿಗಳಿಗೆ ಒಪ್ಪಿದಂತೆ ಕಲಾಕೃತಿಗೆ ಒಪ್ಪುವುದಿಲ್ಲ ಎಂಬುದು ಮೊದಲನೆಯದು. ಸಂಭಾವನೆಗೆ ಬದಲು ‘ಪ್ರಚಾರ ಸಿಗುತ್ತದೆ’ ಎಂದು ಹೇಳಿ ಗೋಡೆಚಿತ್ರಗಳನ್ನು ಬರೆಯಿಸಿಕೊಳ್ಳುವುದು ಎರಡನೆಯದು. ಕೃತಿಯ ಸ್ಥಾಪನೆಗೆ ಹಣವಿದ್ದರೂ ಅದರ ನಿರ್ವಹಣೆಗೆ ಹಣ ಮೀಸಲಿಡದಿರುವುದು ಮೂರನೆಯದು. ಪ್ರಕಟಣೆ ಮತ್ತು ಅರ್ಜಿಗಳು ಇಂಗ್ಲಿಷಿನಲ್ಲಿಯೇ ಇರುವುದರಿಂದ ಜಿಲ್ಲೆಗಳ ಕಲಾಶಾಲೆಗಳಲ್ಲಿ ಓದಿದ, ಕನ್ನಡದಲ್ಲಿಯೇ ಯೋಚಿಸುವ ಕಲಾವಿದರು ರೆಸಿಡೆನ್ಸಿಗಳಿಂದ ದೂರ ಉಳಿಯುತ್ತಾರೆ ಎಂಬುದು ನಾಲ್ಕನೆಯದು.

ಮತ್ತೊಂದೆಡೆ, ಸಾರ್ವಜನಿಕ ಹಣದಿಂದ ಮತ್ತು ಸಾರ್ವಜನಿಕ ಸ್ಥಳದಲ್ಲಿ ನಿಲ್ಲುವ ಕೃತಿಯ ಬಗ್ಗೆ ಅಲ್ಲಿ ದಿನವೂ ಓಡಾಡುವವರ ಮಾತಿಗೂ ಬೆಲೆ ಇರಬೇಕೆಂಬ ವಾದವಿದೆ. ಕಲಾವಿದರ ಹಕ್ಕು, ಒಡೆತನವುಳ್ಳವರ ಅಗತ್ಯ ಮತ್ತು ಜನರ ಅಭಿಪ್ರಾಯ ಈ ಮೂರನ್ನೂ ಕೆಲಸ ಆರಂಭವಾಗುವ ಮೊದಲೇ ಸಮನ್ವಯಗೊಳಿಸುವುದು ಆಯ್ಕೆ ಸಮಿತಿ ಮತ್ತು ಲಿಖಿತ ಒಪ್ಪಂದಗಳ ಉದ್ದೇಶವಾಗಿದೆ.

ಇವನ್ನೂ ನೋಡಿ

• ಭಿತ್ತಿಚಿತ್ರ
• ಕೃತಿಸ್ವಾಮ್ಯ
• ಕೆ. ವೆಂಕಟಪ್ಪ
• ರಾಮಕಿಂಕರ್ ಬೈಜ್
• ಕರ್ನಾಟಕ ಲಲಿತಕಲಾ ಅಕಾಡೆಮಿ
• ಹೊಯ್ಸಳ ವಾಸ್ತುಶಿಲ್ಪ